ಫೆನ್ಸಿಂಗ್ ಆಫ್ ಇರುವ ಕ್ಲಸ್ಟರ್ ಅನ್ನು ಒಪ್ಪಿಕೊಳ್ಳಬೇಡಿ

ಎರಡು ಸರ್ವರ್, ಎರಡಕ್ಕೂ ಕಾಣುವ ಒಂದೇ ಸ್ಟೋರೇಜ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಎರಡರ ನಡುವಿನ ಸಂಪರ್ಕ ಕಾಯಲು ಕೋರೋಸಿಂಕ್, ಒಂದು ಕೆಟ್ಟರೆ ಇನ್ನೊಂದರಲ್ಲಿ ಎಲ್ಲವನ್ನೂ ಎಬ್ಬಿಸಲು ಪೇಸ್‌ಮೇಕರ್. ಇಂಥದ್ದೊಂದು ಕ್ಲಸ್ಟರ್ ಅನ್ನು ಯಾರಾದರೂ ನಿಮಗೆ ಕಟ್ಟಿಕೊಟ್ಟಿದ್ದರೆ, ಮುಂದೆ ಓದುವ ಮೊದಲು ಅದರ ಸೆಟ್ಟಿಂಗ್‌ಗಳನ್ನು ತೆರೆದು ಫೆನ್ಸಿಂಗ್ ಅನ್ನು ಆನ್, ಆಫ್ ಮಾಡುವ ‘ಸ್ಟೋನಿತ್-ಎನೇಬಲ್ಡ್’ ಎಂಬುದರ ಎದುರು ಏನಿದೆ ಎಂದು ನೋಡಿ ಬನ್ನಿ. ‘ಫಾಲ್ಸ್’ ಎಂದಿದ್ದರೆ ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಸಂಸ್ಥೆಯಲ್ಲಿ ಅದು ಫಾಲ್ಸ್ ಆಗಿತ್ತು. ಕಟ್ಟಿದ್ದು ಹೊರಗಿನ ಒಂದು ಕಂಪನಿ, ಹೆಸರು ಬೇಡ. ಅವರು ಕೊಟ್ಟ ವಿನ್ಯಾಸದ ದಾಖಲೆಯಲ್ಲಿ ಫೆನ್ಸಿಂಗ್ ಬಗ್ಗೆ ಚಿತ್ರಸಹಿತ ವಿವರಣೆ ಇತ್ತು. ಅಂದರೆ ಒಂದು ನೋಡ್ (ಕ್ಲಸ್ಟರ್‌ನ ಒಂದು ಸರ್ವರ್) ಮಾತಿಗೆ ಸಿಗದಿದ್ದರೆ, ಇನ್ನೊಂದು ಅದರ ವಿದ್ಯುತ್ ಕಡಿದು, ಕಡಿದದ್ದು ಖಚಿತವಾದ ಮೇಲಷ್ಟೇ ಸ್ಟೋರೇಜ್ ಮುಟ್ಟಬೇಕು ಎಂಬ ವ್ಯವಸ್ಥೆ. ದಾಖಲೆ ಬರೆದವರು ಬೇರೆ, ಇನ್‌ಸ್ಟಾಲ್ ಮಾಡಲು ಬಂದವರು ಬೇರೆ. ಬಂದವರು ಅದನ್ನು ಆಫ್ ಮಾಡಿ, ಹಾಗೆಯೇ ಬಿಟ್ಟು, ಕೆಲಸ ಪೂರ್ಣಗೊಂಡಿದೆ ಎಂದು ವರದಿ ಕೊಟ್ಟು ಹೋದರು.

ಏಕೆ ಆಫ್ ಮಾಡಿದರು ಎಂದು ಊಹಿಸುವುದು ಕಷ್ಟವಲ್ಲ. ಪೇಸ್‌ಮೇಕರ್‌ನಲ್ಲಿ ಈ ಆಯ್ಕೆ ಮೊದಲಿನಿಂದಲೂ ಟ್ರೂ ಆಗಿಯೇ ಇರುತ್ತದೆ. ಫೆನ್ಸ್ ಸಾಧನವನ್ನು ಹೊಂದಿಸುವ ತನಕ ಅದು ಯಾವ ರಿಸೋರ್ಸನ್ನೂ (ಡೇಟಾಬೇಸ್, ಫೈಲ್‌ಸಿಸ್ಟಂ, ಐಪಿಯಂಥವು) ಸ್ಟಾರ್ಟ್ ಮಾಡುವುದಿಲ್ಲ. ಸಂಜೆಯೊಳಗೆ ಮುಗಿಸಿ ಹೊರಡಬೇಕೆಂದಿರುವವರಿಗೆ ಇದೊಂದು ಕಿರಿಕಿರಿ. ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಸದ್ಯಕ್ಕೆ ಇದನ್ನು ಆಫ್ ಮಾಡಿ ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ನಕಲು ಮಾಡಿದವರು ಮುಂದಿನ ಅಧ್ಯಾಯಕ್ಕೆ ಹೋಗುವುದೇ ಇಲ್ಲ.

ಒಪ್ಪಿಸುವ ದಿನದ ಪರೀಕ್ಷೆ ನೋಡಲು ಸೊಗಸಾಗಿತ್ತು. ಮೊದಲ ನೋಡ್ ಅನ್ನು ಸ್ಟ್ಯಾಂಡ್‌ಬೈಗೆ ಹಾಕಿದರು. ಪೋಸ್ಟ್‌ಗ್ರೆಸ್ ನಿಂತಿತು, ಫೈಲ್‌ಸಿಸ್ಟಂ ಅನ್‌ಮೌಂಟ್ ಆಯಿತು, ಅಪ್ಲಿಕೇಶನ್ ಸಂಪರ್ಕಿಸುವ ವರ್ಚುವಲ್ ಐಪಿ ಕಳಚಿತು. ಅವೆಲ್ಲ ಎರಡನೆಯ ನೋಡ್‌ನಲ್ಲಿ ಒಂದೊಂದಾಗಿ ಎದ್ದು ನಿಂತವು. ಎಲ್ಲರೂ ತಲೆದೂಗಿದರು. ಆದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಜೀವಂತವಾಗಿರುವ, ಹೇಳಿದ ಮಾತು ಕೇಳುವ ನೋಡ್. ಸತ್ತಿದೆಯೋ, ಸುಮ್ಮನಿದೆಯೋ, ಇನ್ನೂ ಬರೆಯುತ್ತಲೇ ಇದೆಯೋ ಎಂದು ತಿಳಿಯದ ನೋಡ್‌ನ ವಿಷಯದಲ್ಲಿ ಕ್ಲಸ್ಟರ್ ಏನು ಮಾಡುತ್ತದೆ ಎಂಬುದನ್ನು ಅಂದು ಯಾರೂ ನೋಡಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಒಂದು ಸ್ವಿಚ್.

ಹಾರ್ಟ್‌ಬೀಟ್‌ಗೆಂದೇ, ಅಂದರೆ ಬದುಕಿದ್ದೇವೆಂದು ನೋಡ್‌ಗಳು ಪರಸ್ಪರ ಕಳಿಸುವ ಸಂದೇಶಗಳಿಗೆಂದೇ, ಪ್ರತ್ಯೇಕ ಸ್ವಿಚ್ ಹಾಕಿದ್ದರು. ಒಂದು ರಾತ್ರಿ ನೆಟ್‌ವರ್ಕ್ ತಂಡ ಅದರ ಫರ್ಮ್‌ವೇರ್ ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟಿತು. ಎರಡೂ ಸರ್ವರ್‌ಗಳು ಚೆನ್ನಾಗಿದ್ದವು, ಸ್ಟೋರೇಜ್ ಚೆನ್ನಾಗಿತ್ತು, ಬಳಕೆದಾರರ ನೆಟ್‌ವರ್ಕ್‌ಗೂ ಏನೂ ಆಗಿರಲಿಲ್ಲ. ಒಂದರ ಸದ್ದು ಇನ್ನೊಂದಕ್ಕೆ ಕೇಳಿಸದಾಯಿತು, ಅಷ್ಟೆ. ಕೋರೋಸಿಂಕ್ ಇಂಥ ಮೌನವನ್ನು ಹೆಚ್ಚು ಹೊತ್ತು ಸಹಿಸುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎದುರಿನ ನೋಡ್ ಹೋಯಿತು ಎಂದು ತೀರ್ಮಾನಿಸುತ್ತದೆ. ಇಬ್ಬರೇ ಇರುವಲ್ಲಿ ಒಬ್ಬರು ಹೋದರೆ ಉಳಿದವರಿಗೆ ಬಹುಮತ ಸಿಗದು. ಅದಕ್ಕಾಗಿ ‘ಟೂ-ನೋಡ್’ ಎಂಬ ವಿಶೇಷ ಆಯ್ಕೆ ಇದೆ. ಅದು ಆನ್ ಇದ್ದರೆ ಒಂಟಿ ನೋಡ್‌ಗೂ ಕ್ವೋರಂ, ಅಂದರೆ ಕೆಲಸ ಮುಂದುವರಿಸುವ ಅಧಿಕಾರ, ದಕ್ಕುತ್ತದೆ. ಈ ಆಯ್ಕೆ ಫೆನ್ಸಿಂಗ್ ಇದೆ ಎಂಬ ನಂಬಿಕೆಯ ಮೇಲೆಯೇ ನಿಂತಿದೆ: ಇಬ್ಬರಿಗೂ ಕ್ವೋರಂ ಇರಲಿ, ಯಾರು ಮೊದಲು ಇನ್ನೊಬ್ಬರ ವಿದ್ಯುತ್ ಕಡಿಯುತ್ತಾರೋ ಅವರು ಉಳಿಯಲಿ. ಕಡಿಯುವ ಕತ್ತಿಯನ್ನೇ ಕಿತ್ತುಕೊಂಡರೆ ಇಬ್ಬರೂ ಉಳಿಯುತ್ತಾರೆ, ಇಬ್ಬರೂ ತಾವೇ ಯಜಮಾನರೆಂದು ತಿಳಿಯುತ್ತಾರೆ.

ಎರಡನೆಯ ನೋಡ್ ಸ್ಟೋರೇಜ್ ಅನ್ನು ಮೌಂಟ್ ಮಾಡಿತು. ಮೊದಲನೆಯದು ಅದನ್ನು ಬಿಟ್ಟೇ ಇರಲಿಲ್ಲ. ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್, ಒಂದು ಸಲಕ್ಕೆ ಒಂದೇ ಯಂತ್ರ ಬಳಸಲೆಂದು ಮಾಡಿದ್ದು. ಜಿಎಫ್‌ಎಸ್2, ಓಸಿಎಫ್‌ಎಸ್2ಗಳಂತೆ ಹಲವು ಯಂತ್ರಗಳ ನಡುವೆ ಲಾಕ್ ಹಂಚಿಕೊಳ್ಳುವ ಏರ್ಪಾಡು ಅದರಲ್ಲಿಲ್ಲ. ಒಂದೇ ಯುಯುಐಡಿ (ಫೈಲ್‌ಸಿಸ್ಟಂನ ಗುರುತಿನ ಸಂಖ್ಯೆ) ಇರುವುದನ್ನು ಎರಡು ಬಾರಿ ಮೌಂಟ್ ಮಾಡಲು ಅದು ಬಿಡುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಒಂದೇ ಯಂತ್ರದೊಳಗೆ ಬಿಡುವುದಿಲ್ಲ. ಪಕ್ಕದ ಯಂತ್ರದಲ್ಲಿ ಏನು ನಡೆದಿದೆ ಎಂಬುದು ಅದಕ್ಕೆ ತಿಳಿಯದು. ಇಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್‌ಸಿಸ್ಟಂನಲ್ಲಿ ಎರಡು ಕಡೆ ಮೌಂಟ್ ಆಗುವುದನ್ನು ತಡೆಯುವ ಎಂಎಂಪಿ ಎಂಬ ಐಚ್ಛಿಕ ಕಾವಲಾದರೂ ಇದೆ. ಇಲ್ಲಿ ಎರಡನೆಯ ನೋಡ್ ಜರ್ನಲ್ (ಫೈಲ್‌ಸಿಸ್ಟಂ ಬದಲಾವಣೆಗಳ ದಿನಚರಿ) ತೆರೆದು, ಕ್ರ್ಯಾಶ್ ಆದ ಫೈಲ್‌ಸಿಸ್ಟಂ ಇದು ಎಂದುಕೊಂಡು ರಿಪ್ಲೇ ಮಾಡಿತು. ಅದೇ ಜರ್ನಲ್‌ಗೆ ಮೊದಲನೆಯದು ಆಗಲೂ ಬರೆಯುತ್ತಿತ್ತು.

ಪೋಸ್ಟ್‌ಗ್ರೆಸ್‌ನದ್ದೂ ಇದೇ ಕಥೆ. ಡೇಟಾ ಡೈರೆಕ್ಟರಿಯಲ್ಲಿರುವ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್ ಎರಡು ಸರ್ವರ್ ಪ್ರಕ್ರಿಯೆಗಳು ಒಂದೇ ಡೇಟಾವನ್ನು ಮುಟ್ಟದಂತೆ ತಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಫೈಲಿನಲ್ಲಿ ಬರೆದಿರುವ ಪ್ರಕ್ರಿಯೆಯೂ ಅದರ ಹಂಚಿಕೆಯ ಮೆಮೊರಿಯೂ ತನ್ನ ಯಂತ್ರದಲ್ಲಿ ಜೀವಂತವಾಗಿವೆಯೇ ಎಂದಷ್ಟೇ ಪೋಸ್ಟ್‌ಗ್ರೆಸ್ ನೋಡುತ್ತದೆ. ಎರಡನೆಯ ನೋಡ್‌ನಲ್ಲಿ ಅಂಥ ಪ್ರಕ್ರಿಯೆ ಇರಲಿಲ್ಲ. ಹಳೆಯ ಫೈಲ್ ಎಂದು ಬದಿಗೆ ಸರಿಸಿ, ಕ್ರ್ಯಾಶ್ ರಿಕವರಿ ಮುಗಿಸಿ, ಸಂಪರ್ಕಗಳಿಗೆ ಬಾಗಿಲು ತೆರೆಯಿತು. ವರ್ಚುವಲ್ ಐಪಿ ಎರಡೂ ಕಡೆ ಎದ್ದಿತ್ತು. ಈ ಐಪಿ ಯಾರದು ಎಂಬ ಪ್ರಶ್ನೆಗೆ ಯಾರ ಎಆರ್‌ಪಿ ಉತ್ತರ ಮೊದಲು ತಲುಪುತ್ತದೆಯೋ ಅವರಿಗೆ ಅಪ್ಲಿಕೇಶನ್. ಲೋಕಲ್ ಸಾಕೆಟ್ ಮೂಲಕ ಓಡುತ್ತಿದ್ದ ಬ್ಯಾಚ್ ಕೆಲಸ ಮೊದಲ ನೋಡ್‌ನಲ್ಲಿ ತನ್ನ ಪಾಡಿಗೆ ತಾನು ಬರೆಯುತ್ತಲೇ ಇತ್ತು. ಕ್ರ್ಯಾಶ್ ರಿಕವರಿಯಲ್ಲಿ ಟೈಮ್‌ಲೈನ್ (ಇತಿಹಾಸದ ಕವಲಿನ ಸಂಖ್ಯೆ) ಬದಲಾಗುವುದಿಲ್ಲವಾದ್ದರಿಂದ ಎರಡೂ ಕಡೆಯವರು ಒಂದೇ ಹೆಸರಿನ 16 ಎಂಬಿ ವಾಲ್ ಫೈಲ್‌ಗಳಿಗೆ (ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಬೇರೆ ಬೇರೆ ಇತಿಹಾಸ ಬರೆದರು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಸ್ವಿಚ್ ಮರಳಿ ಬಂತು, ನೋಡ್‌ಗಳು ಪರಸ್ಪರ ಕಂಡವು. ಒಂದೇ ರಿಸೋರ್ಸ್ ಎರಡು ಕಡೆ ಓಡುತ್ತಿರುವುದು ಪೇಸ್‌ಮೇಕರ್‌ಗೆ ಗೊತ್ತಾಯಿತು. ಅಂಥ ಸಂದರ್ಭಕ್ಕೆ ಅದರ ಡೀಫಾಲ್ಟ್ ಕ್ರಮವೆಂದರೆ ಎರಡೂ ಕಡೆ ನಿಲ್ಲಿಸಿ, ಒಂದು ಕಡೆ ಮಾತ್ರ ಮತ್ತೆ ಸ್ಟಾರ್ಟ್ ಮಾಡುವುದು. ಮಾಡಿತು. ಮಾನಿಟರಿಂಗ್ ಪರದೆಯಲ್ಲಿ ಎಲ್ಲವೂ ಹಸಿರು. ರಾತ್ರಿ ಪಾಳಿಯವರು ಸಣ್ಣ ಫೇಲ್‌ಓವರ್ ಆಗಿದೆ, ಸರಿಹೋಗಿದೆ ಎಂದು ಟಿಕೆಟ್ ಮುಚ್ಚಿದರು. ಅವರನ್ನು ದೂರುವಂತಿಲ್ಲ, ಕ್ಲಸ್ಟರ್ ಹೇಳಿದ್ದನ್ನೇ ಅವರು ಬರೆದರು. ಬೆಳಿಗ್ಗೆ ಕೆಲಸ ಏರುತ್ತಿದ್ದಂತೆ ಲಾಗ್‌ನಲ್ಲಿ ಪುಟಗಳು ಅಮಾನ್ಯ ಎಂಬ ದೋಷಗಳು ಒಂದೊಂದಾಗಿ ಕಾಣಿಸಿದವು. ಇಂಡೆಕ್ಸ್ ಒಂದು ಉತ್ತರ ಕೊಟ್ಟರೆ ಟೇಬಲ್ ಇನ್ನೊಂದು ಕೊಡುತ್ತಿತ್ತು. ಕೊನೆಗೆ ಎಕ್ಸ್‌ಎಫ್‌ಎಸ್ ಮೆಟಾಡೇಟಾ ಕೆಟ್ಟಿದೆ ಎಂದು ತನ್ನನ್ನು ತಾನೇ ಶಟ್‌ಡೌನ್ ಮಾಡಿಕೊಂಡಿತು.

ರಿಪೇರಿ ಸಾಧನವನ್ನು ಓಡಿಸಿದ ಮೇಲೆ ಸಿಕ್ಕಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಫ್‌ಎಸ್‌ಸಿಕೆ ಮಾಡಿದರೆ ಆಯಿತು ಎನ್ನುವವರು ಬಹಳ. ತಾಯಿ ಡೈರೆಕ್ಟರಿ ಕಳೆದುಕೊಂಡ ಫೈಲ್‌ಗಳನ್ನೆಲ್ಲ ಅದು ಲಾಸ್ಟ್+ಫೌಂಡ್ ಎಂಬ ಡೈರೆಕ್ಟರಿಯಲ್ಲಿ ತಂದು ಸುರಿಯುತ್ತದೆ. ಹೆಸರು ಕಳೆದುಹೋಗಿರುವುದರಿಂದ ಫೈಲ್‌ಸಿಸ್ಟಂ ಒಳಗಿನ ಐನೋಡ್ ಸಂಖ್ಯೆಯನ್ನೇ ಹೆಸರಾಗಿ ಇಡುತ್ತದೆ. ಪೋಸ್ಟ್‌ಗ್ರೆಸ್ ಕೂಡ ತನ್ನ ಟೇಬಲ್‌ಗಳನ್ನು ಸಂಖ್ಯೆಯ ಹೆಸರಿನಲ್ಲೇ ಇಡುತ್ತದೆ. ಬಳಕೆದಾರರ ಟೇಬಲ್‌ಗಳ ಸಂಖ್ಯೆ 16384ರಿಂದ ಮೇಲಕ್ಕೆ. ಹೀಗೆ ಒಂದು ಗುಂಪು ಸಂಖ್ಯೆಗಳು ಇನ್ನೊಂದು ಗುಂಪು ಸಂಖ್ಯೆಗಳಾಗಿ ಬದಲಾಗಿದ್ದವು. ಯಾವ ಫೈಲ್ ಯಾವ ಟೇಬಲ್‌ನದು, 1 ಜಿಬಿಯ ತುಂಡುಗಳಲ್ಲಿ ಅದು ಎಷ್ಟನೆಯ ತುಂಡು ಎಂದು ಹೇಳುವವರಿಲ್ಲ. ಪುಟಗಳನ್ನು ಹೆಕ್ಸ್‌ನಲ್ಲಿ ತೆರೆದು, ಒಳಗೆ ಓದಲು ಬರುವ ಅಕ್ಷರಗಳಿಂದ ಇದು ವಿಳಾಸದ ಟೇಬಲ್ ಇರಬೇಕು, ಇದು ಬಿಲ್‌ಗಳದ್ದು ಎಂದು ಗುರುತಿಸಲು ಕುಳಿತ ಸಹೋದ್ಯೋಗಿಯನ್ನು ನಾವೇ ಬಲವಂತದಿಂದ ಎಬ್ಬಿಸಬೇಕಾಯಿತು.

ಬ್ಯಾಕಪ್? ಒಪ್ಪಂದದ ಪ್ರಕಾರ ಅದೂ ಕಂಪನಿಯ ಜವಾಬ್ದಾರಿಯೇ. ವಾಲ್ ಆರ್ಕೈವ್ ಅನ್ನು ಅವರು ಅದೇ ಲನ್‌ನ (ಸ್ಟೋರೇಜ್ ಪೆಟ್ಟಿಗೆ ಕೊಡುವ ಡಿಸ್ಕ್) ಮೇಲೆ, ಅದೇ ಫೈಲ್‌ಸಿಸ್ಟಂನಲ್ಲಿ ಇನ್ನೊಂದು ಡೈರೆಕ್ಟರಿ ಮಾಡಿ ಇಟ್ಟಿದ್ದರು. ಸ್ಟೋರೇಜ್ ಸ್ನ್ಯಾಪ್‌ಶಾಟ್‌ಗಳು ಅದೇ ಪೆಟ್ಟಿಗೆಯೊಳಗೆ, ಅವೂ ವಾರಕ್ಕೊಮ್ಮೆ. ನಮ್ಮನ್ನು ಉಳಿಸಿದ್ದು ನಮ್ಮ ತಂಡ ಬೇರೊಂದು ಯಂತ್ರಕ್ಕೆ ಪ್ರತಿ ರಾತ್ರಿ ತೆಗೆಯುತ್ತಿದ್ದ ಸಾಮಾನ್ಯ ಡಂಪ್. ಅಂದಿನ ಡಂಪ್ ಸ್ವಿಚ್ ಕೆಲಸಕ್ಕೆ ಮೊದಲೇ ಮುಗಿದಿತ್ತು. ಅಲ್ಲಿಂದ ಈಚೆಗಿನ ನಮೂದುಗಳನ್ನು ಅಪ್ಲಿಕೇಶನ್ ಲಾಗ್‌ಗಳಿಂದ ಹೆಕ್ಕಿ ಕೈಯಿಂದಲೇ ತುಂಬಿದೆವು. ಎಲ್ಲವೂ ಸಿಗಲಿಲ್ಲ.

ಕಂಪನಿಯ ಉತ್ತರ ಎರಡು ಬಗೆಯದು. ಮೊದಲನೆಯದು: ಹಾರ್ಟ್‌ಬೀಟ್ ಸ್ವಿಚ್ ಅನ್ನು ತಿಳಿಸದೆ ರೀಬೂಟ್ ಮಾಡಿದ್ದು ನಿಮ್ಮ ತಪ್ಪು. ಸ್ವಿಚ್ ರೀಬೂಟ್ ಆದರೆ ಡೇಟಾ ಹಾಳಾಗುವುದಾದರೆ ಒಂದೇ ಸರ್ವರ್ ಇಟ್ಟುಕೊಂಡು ನೆಮ್ಮದಿಯಾಗಿ ಇರಬಹುದಿತ್ತಲ್ಲ! ಅಷ್ಟಕ್ಕೂ ಎರಡನೆಯ ಹಾರ್ಟ್‌ಬೀಟ್ ದಾರಿಗೆ ಖರ್ಚೇ ಇರಲಿಲ್ಲ. ಬಳಕೆದಾರರ ನೆಟ್‌ವರ್ಕ್ ಅನ್ನೇ ಎರಡನೆಯ ಲಿಂಕ್ ಆಗಿ ಸೇರಿಸಬಹುದಿತ್ತು. ಕೋರೋಸಿಂಕ್ 3ರಲ್ಲಿ ಎಂಟು ಲಿಂಕ್‌ಗಳವರೆಗೆ ಅವಕಾಶವಿದೆ. ಎರಡನೆಯ ಉತ್ತರ: ಫೆನ್ಸಿಂಗ್ ಆನ್ ಮಾಡಿದರೆ ಸರ್ವರ್‌ಗಳು ಇದ್ದಕ್ಕಿದ್ದಂತೆ ರೀಬೂಟ್ ಆಗುತ್ತವೆ, ಗ್ರಾಹಕರು ದೂರುತ್ತಾರೆ. ಈ ಮಾತನ್ನು ಬೇರೆ ಕಡೆಯೂ ಕೇಳಿದ್ದೇನೆ. ಹೊಗೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತದೆ ಎಂದು ಬ್ಯಾಟರಿ ತೆಗೆದಿಟ್ಟಂತೆ ಇದು. ಫೆನ್ಸಿಂಗ್ ಪದೇಪದೇ ನಡೆಯುತ್ತಿದ್ದರೆ ನೆಟ್‌ವರ್ಕ್‌ನಲ್ಲೋ ಟೈಮ್‌ಔಟ್‌ಗಳಲ್ಲೋ ದೋಷವಿದೆ, ಸರಿಪಡಿಸಬೇಕಾದದ್ದು ಅದನ್ನು.

ಈಗ ನೀವು ಏನು ಕೇಳಬೇಕು ಎಂಬುದು. ಸ್ಟ್ಯಾಂಡ್‌ಬೈ ಪರೀಕ್ಷೆಯನ್ನು ಒಪ್ಪಬೇಡಿ. ನಿಮ್ಮ ಕಣ್ಣೆದುರೇ ಹಾರ್ಟ್‌ಬೀಟ್ ಕೇಬಲ್ ಕೀಳಿಸಿ. ಒಂದು ನೋಡ್ ಖಂಡಿತವಾಗಿ ಸಾಯಬೇಕು. ಎರಡೂ ಒಂದನ್ನೊಂದು ಕೊಂದರೆ ಒಂದರ ಫೆನ್ಸ್ ಸಾಧನಕ್ಕೆ ಕೆಲವು ಸೆಕೆಂಡುಗಳ ವಿಳಂಬ ಹಾಕಬೇಕು. ಕರ್ನಲ್ ಅನ್ನು ಬೇಕೆಂದೇ ಕ್ರ್ಯಾಶ್ ಮಾಡಿಸಿ. ಸರ್ವರ್‌ನ ಎರಡೂ ವಿದ್ಯುತ್ ತಂತಿಗಳನ್ನು ಎಳೆಯಿಸಿ. ಇದರಲ್ಲೊಂದು ಸೂಕ್ಷ್ಮವಿದೆ. ಫೆನ್ಸಿಂಗ್ ಐಪಿಎಂಐ (ಸರ್ವರ್ ಅನ್ನು ದೂರದಿಂದ ಆನ್, ಆಫ್ ಮಾಡುವ ವ್ಯವಸ್ಥೆ) ಮೂಲಕ ಇದ್ದರೆ, ಆ ಆಜ್ಞೆ ಕೇಳುವ ಬಿಎಂಸಿ ಚಿಪ್ ಕೂಡ ಅದೇ ವಿದ್ಯುತ್ತಿನಿಂದ ನಡೆಯುತ್ತದೆ. ತಂತಿ ಎಳೆದರೆ ಅದೂ ಸತ್ತು, ಕಡಿದೆ ಎಂಬ ಖಚಿತ ಉತ್ತರ ಬರುವುದಿಲ್ಲ, ಉಳಿದ ನೋಡ್ ಕಾಯುತ್ತಾ ನಿಲ್ಲುತ್ತದೆ. ಅದು ಕಾಯುವುದು ಸರಿಯೇ. ಅದಕ್ಕೇ ಎರಡನೆಯ ಹಂತದ ಫೆನ್ಸಿಂಗ್ ಬೇಕು: ಆಜ್ಞೆ ಕೇಳುವ ಪಿಡಿಯು (ವಿದ್ಯುತ್ ಹಂಚುವ ಸಾಧನ), ಇಲ್ಲವೇ ಹಾರ್ಡ್‌ವೇರ್ ವಾಚ್‌ಡಾಗ್ ಜೊತೆಗಿನ ಎಸ್‌ಬಿಡಿ (ನೋಡ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುವ ಏರ್ಪಾಡು), ಇಲ್ಲವೇ ಎಸ್‌ಸಿಎಸ್‌ಐ-3 ಪರ್ಸಿಸ್ಟೆಂಟ್ ರಿಸರ್ವೇಶನ್.

ಹಂಚಿಕೊಂಡ ಸ್ಟೋರೇಜ್ ಇರುವಲ್ಲಿ ನನಗೆ ಹೆಚ್ಚು ನಂಬಿಕೆ ಈ ಕೊನೆಯದರ ಮೇಲೆ. ಪ್ರತಿ ನೋಡ್ ತನ್ನ ಕೀಲಿಯನ್ನು ಸ್ಟೋರೇಜ್‌ನಲ್ಲಿ ನೋಂದಾಯಿಸಿರುತ್ತದೆ. ಫೆನ್ಸ್ ಮಾಡುವುದೆಂದರೆ ಎದುರಿನವರ ಕೀಲಿಯನ್ನು ಅಳಿಸುವುದು. ಆಮೇಲೆ ಆ ನೋಡ್ ಎಷ್ಟೇ ಬರೆಯಲು ಹೋದರೂ ಸ್ಟೋರೇಜೇ ತಿರಸ್ಕರಿಸುತ್ತದೆ. ನಿಮ್ಮ ಸ್ಟೋರೇಜ್ ಇದನ್ನು ಬೆಂಬಲಿಸುತ್ತದೆಯೇ, ಮಲ್ಟಿಪಾತ್ (ಸ್ಟೋರೇಜ್‌ಗೆ ಹಲವು ದಾರಿ) ಇದ್ದರೆ ಅದಕ್ಕೆ ತಕ್ಕ ಫೆನ್ಸ್ ಏಜೆಂಟ್ ಹಾಕಿದ್ದಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಫೈಬರ್ ಚಾನೆಲ್ ಕೇಬಲ್‌ಗಳನ್ನೂ ಎಲ್ಲ ಒಟ್ಟಿಗೆ ಕೀಳಿಸಿ. ಮಲ್ಟಿಪಾತ್‌ನಲ್ಲಿ ದಾರಿ ಇಲ್ಲದಿದ್ದರೆ ಕ್ಯೂನಲ್ಲಿ ಕಾಯಿಸು ಎಂಬ ಸೆಟ್ಟಿಂಗ್ ಇದ್ದರೆ ದೋಷವೇ ಬರುವುದಿಲ್ಲ, ಎಲ್ಲವೂ ಹೆಪ್ಪುಗಟ್ಟುತ್ತದೆ, ಅನ್‌ಮೌಂಟ್ ಕೂಡ ಆಗುವುದಿಲ್ಲ. ನಿಲ್ಲಿಸಲಾಗದ ರಿಸೋರ್ಸ್‌ಗೆ ಪೇಸ್‌ಮೇಕರ್ ಬಳಿ ಇರುವ ಮದ್ದು ಮತ್ತೆ ಫೆನ್ಸಿಂಗ್ ಒಂದೇ. ಅದು ಆಫ್ ಇದ್ದರೆ ರಿಸೋರ್ಸ್ ಅನ್ನು ಬ್ಲಾಕ್ ಮಾಡಿ ಕೈಕಟ್ಟಿ ಕೂರುತ್ತದೆ.

ಬಹುಮತ ಸಿಗಲು ಮೂರನೆಯ ಮತ ತರಿಸಿಕೊಳ್ಳಿ. ಕೋರೋಸಿಂಕ್‌ನಲ್ಲಿ ಕ್ಯೂಡಿವೈಸ್, ವಿಂಡೋಸ್ ಕ್ಲಸ್ಟರ್‌ನಲ್ಲಿ ವಿಟ್‌ನೆಸ್, ಒರಾಕಲ್‌ನಲ್ಲಿ ಬೆಸ ಸಂಖ್ಯೆಯ ವೋಟಿಂಗ್ ಡಿಸ್ಕ್‌ಗಳು. ಆದರೆ ಇದರಿಂದ ಫೆನ್ಸಿಂಗ್ ಬೇಡವಾಗುವುದಿಲ್ಲ. ಬಹುಮತ ಕಳೆದುಕೊಂಡ ನೋಡ್ ತಾನಾಗಿ ಬರೆಯುವುದನ್ನು ನಿಲ್ಲಿಸಬೇಕು. ಅದರ ಸ್ಥಿತಿಯೇ ಕೆಟ್ಟಿರುವಾಗ ಅದು ನಿಲ್ಲಿಸುತ್ತದೆ ಎಂದು ನೆಚ್ಚಿಕೊಂಡು ಕೂರಲಾಗದು.

ಇಷ್ಟೆಲ್ಲ ಓದಿ, ಹಂಚಿಕೊಂಡ ಸ್ಟೋರೇಜ್ ಬೇಕೇ ಬೇಕೇ ಎಂದು ಅನಿಸಿದರೆ ಒಳ್ಳೆಯದೇ. ಸರ್ವರ್ ಎರಡಾದರೂ ಡೇಟಾ ಒಂದೇ ಪ್ರತಿ. ಆ ಪೆಟ್ಟಿಗೆ ಕೆಟ್ಟರೆ ಎರಡೂ ಸರ್ವರ್ ಬರಿಗೈ. ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಶನ್‌ನಲ್ಲಿ ಪ್ರತಿ ನೋಡ್‌ಗೂ ತನ್ನದೇ ಡಿಸ್ಕ್, ತನ್ನದೇ ಪ್ರತಿ. ಅಲ್ಲಿಯೂ ಇಬ್ಬರು ಯಜಮಾನರಾಗುವ ಅಪಾಯ ಇದ್ದೇ ಇದೆ, ಆದರೆ ಇಬ್ಬರೂ ಒಂದೇ ಫೈಲಿನ ಮೇಲೆ ಬರೆದು ಎರಡನ್ನೂ ಕಳೆಯುವುದಿಲ್ಲ. ಕನಿಷ್ಠ ಒಂದು ಓದಬಲ್ಲ ಪ್ರತಿ ಉಳಿಯುತ್ತದೆ. ನಾವು ಮಾತ್ರ ಸ್ಟೋರೇಜ್‌ಗೆ ಆಗಲೇ ಹಣ ಸುರಿದಿದ್ದೆವು, ಅದನ್ನೇ ಉಳಿಸಿಕೊಂಡು ಬೇರೆಯವರಿಂದ ಮರಳಿ ಕಟ್ಟಿಸಿದೆವು.

ಮರಳಿ ಕಟ್ಟುವಾಗ ಎರಡನೆಯ ನೋಡ್‌ನಲ್ಲಿ ಮತ್ತೆರಡು ಹುಳುಕು ಸಿಕ್ಕವು. ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕೆಂಬ ಎಫ್‌ಸ್ಟ್ಯಾಬ್ ಪಟ್ಟಿಯಲ್ಲಿ ಆ ಲನ್‌ನ ಮೌಂಟ್ ಸಾಲು ಹಾಗೆಯೇ ಇತ್ತು, ಕಾಮೆಂಟ್ ಕೂಡ ಮಾಡಿರಲಿಲ್ಲ. ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯಲ್ಲಿ ಪೋಸ್ಟ್‌ಗ್ರೆಸ್ ಬೂಟ್ ಆಗುವಾಗಲೇ ಏಳುವಂತೆ ಎನೇಬಲ್ ಆಗಿತ್ತು. ಅಂದರೆ ಸ್ವಿಚ್‌ಗೆ ಏನೂ ಆಗದಿದ್ದರೂ, ಪ್ಯಾಚ್ ಹಾಕಿ ಆ ನೋಡ್ ಅನ್ನು ಒಮ್ಮೆ ರೀಬೂಟ್ ಮಾಡಿದ್ದರೆ ಸಾಕಿತ್ತು, ಪೇಸ್‌ಮೇಕರ್‌ನ ಅಪ್ಪಣೆಗೂ ಕಾಯದೆ ಇದೇ ಅನಾಹುತ ಆಗುತ್ತಿತ್ತು. ಸ್ಟೋನಿತ್ ಸಾಲು ನೋಡಲು ಹೋದಾಗ ಈ ಎರಡನ್ನೂ ಪ್ರತಿ ನೋಡ್‌ನಲ್ಲೂ ನೋಡಿಬಿಡಿ.