ವೆನ್ನೆಸ್ಲಾ ಲೈಬ್ರರಿಯ ಗೂಡಿನಲ್ಲಿ ಆರು ಚಳಿಗಾಲ

ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್ ನಗರ ಬಿಟ್ಟು ವೆನ್ನೆಸ್ಲಾ ಊರಿಗೆ ಬಂದದ್ದು ಬಾಡಿಗೆ ಕಡಿಮೆ ಅಂತ, ಅಷ್ಟೇ. ಈಗ ಯಾರಾದರೂ ವಾಪಸ್ ಬಂದುಬಿಡಿ ಅಂದರೆ ಮೊದಲು ನೆನಪಾಗುವುದು ಊರ ಚೌಕದ ಲೈಬ್ರರಿ. ಪುರಸಭೆಯ ಸಾಂಸ್ಕೃತಿಕ ಕೇಂದ್ರವೂ ಅದೇ. ಆರು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಹೋಗುತ್ತಿದ್ದೇನೆ.

ಸ್ಟಾವಾಂಗರ್‌ನ ಹೆಲೆನ್ ಆಂಡ್ ಹಾರ್ಡ್ ಸಂಸ್ಥೆಯ ವಿನ್ಯಾಸ, 2011ರಲ್ಲಿ ತೆರೆದದ್ದು. ಒಳಗೆ 27 ಮರದ ಕಮಾನುಗಳು ಸಾಲಾಗಿ ನಿಂತಿವೆ. ತಿಮಿಂಗಿಲದ ಪಕ್ಕೆಲುಬು ಇದ್ದ ಹಾಗಿದೆ ಅಂತ ನೋಡಿದವರೆಲ್ಲ ಹೇಳುತ್ತಾರೆ. ನನಗೇನೋ ಬಿಚ್ಚಿದ ಕೊಡೆಯ ಕಡ್ಡಿಗಳ ನೆನಪಾಗುತ್ತದೆ.

ಜಾಣತನ ಇರುವುದು ಆ ಕಮಾನುಗಳಲ್ಲೇ. ಚಾವಣಿಯಿಂದ ಬಾಗಿ ಇಳಿದು ಪುಸ್ತಕದ ಕಪಾಟಾಗುತ್ತವೆ, ಅಲ್ಲೇ ಕೂರೋಕೆ ಗೂಡೂ ಆಗುತ್ತವೆ. ದೀಪ, ಗಾಳಿಯ ಕೊಳವೆ, ಸದ್ದು ಹೀರುವ ಪದರ ಎಲ್ಲವೂ ಕಮಾನಿನ ಹೊಟ್ಟೆಯಲ್ಲೇ. ನಾನು ನಾರ್ವೇಜಿಯನ್ ಕಲಿತದ್ದು ಅಂಥ ಒಂದು ಗೂಡಿನಲ್ಲಿ, ಮಕ್ಕಳ ಚಿತ್ರಪುಸ್ತಕ ಹಿಡಿದು. ಒಂದು ಕರಡಿ ಕಥೆಯನ್ನು ಮೂರು ಸಲ ಎರವಲು ತಂದಿದ್ದೆ. ಪಕ್ಕದ ಗೂಡಿನ ಪುಟ್ಟ ಹುಡುಗಿಯೊಬ್ಬಳು ಬಗ್ಗಿ ನೋಡಿ, ‘ಬ್ಯೋರ್ನ್’ (ಕರಡಿ) ಅನ್ನೋದು ಹಾಗಲ್ಲ ಅಂತ ತುಟಿ ಮುಂದೆ ಮಾಡಿ ತೋರಿಸಿದಳು. ಇವತ್ತಿಗೂ ಅವಳ ಹಾಗೆ ಬರುವುದಿಲ್ಲ.

ಕೆಫೆ, ಪುಸ್ತಕ, ಹರಟೆ ಎಲ್ಲ ಒಂದೇ ಸೂರಿನಡಿ. ಸೂಜಿ ಬಿದ್ದರೂ ಕೇಳಬೇಕು ಅನ್ನೋರಿಗೆ, ಪರೀಕ್ಷೆಗೆ ಓದೋರಿಗೆ ಈ ಜಾಗ ಒಗ್ಗುವುದಿಲ್ಲ. ನನಗಂತೂ ಆ ಗಲಗಲವೇ ಬೇಕು, ಮನೆಯಲ್ಲಿ ಒಬ್ಬನೇ ಅಲ್ವಾ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ ಅಂಕ.

ಪುಸ್ತಕ ಎರವಲು ಪುಕ್ಕಟೆ, ನಾರ್ವೆಯಲ್ಲಿ ಅದು ಕಾನೂನು. ಕಾಫಿಗೆ ಮಾತ್ರ ನಾರ್ವೆಯ ರೇಟು! ಮೊದಲ ಸಲ ಹೋಗುವವರು ಡಿಸೆಂಬರ್‌ನಲ್ಲಿ, ಸಂಜೆ ನಾಲ್ಕರ ಮೇಲೆ ಹೋಗಿ. ಹೊರಗೆ ಕಗ್ಗತ್ತಲು. ಗಾಜಿನಾಚೆ ಕಮಾನುಗಳೆಲ್ಲ ಹೊತ್ತಿಕೊಂಡಿರುತ್ತವೆ. ಒಳಗೆ ಹೋಗುವ ಮುಂಚೆ ಎರಡು ನಿಮಿಷ ಚೌಕದಲ್ಲಿ ಸುಮ್ನೆ ನಿಲ್ಲಿ.

ಇದು ಕಾಗದದ ಊರು. ಹುನ್ಸ್‌ಫೋಸ್ ಕಾಗದ ಕಾರ್ಖಾನೆ 1886ರಲ್ಲಿ ಶುರುವಾಗಿ, ಲೈಬ್ರರಿ ತೆರೆದ ವರ್ಷವೇ ದಿವಾಳಿಯಾಯಿತು. ಅಲ್ಲಿ ದುಡಿದ ಹಿರಿಯರೊಬ್ಬರು ನನ್ನ ಎದುರು ಗೂಡಿನ ಕಾಯಂ ಗಿರಾಕಿ. ಪುಸ್ತಕ ಕೈಗೆ ಬಂದ ತಕ್ಷಣ ಹಾಳೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಹೆಸರು ಓದುವುದು ಆಮೇಲೆ. ಹೋದ ವಾರ ನನ್ನ ಕೈಯಲ್ಲಿದ್ದ ಕಾದಂಬರಿಯನ್ನೂ ಇಸಕೊಂಡು ಉಜ್ಜಿದರು. ‘ತೆಳು’ ಅಂದು ವಾಪಸ್ ಕೊಟ್ಟರು.