ಗೋಡೌನ್ ಸ್ಟಾಕ್‌ಗೆ ಯಾವ ಸಾಫ್ಟ್‌ವೇರ್? ಮೂರು ವರ್ಷ ಬಳಸಿದವನ ಮಾತು

ದಾವಣಗೆರೆಯಲ್ಲಿ ನಮ್ಮದು ಸೋಪು, ಶಾಂಪೂ, ಬಿಸ್ಕತ್ತು, ಟೂತ್‌ಪೇಸ್ಟ್‌ಗಳ ಡಿಸ್ಟ್ರಿಬ್ಯೂಷನ್. ಸುಮಾರು 900 ಐಟಂ, ಎರಡು ಗೋಡೌನ್. ಒಂದು ಆಫೀಸಿನ ಹಿಂದೆಯೇ ಇದೆ. ಇನ್ನೊಂದು ಊರಾಚೆ, ತಗಡಿನ ಚಾವಣಿಯದು. ಹರಿಹರ, ಹೊನ್ನಾಳಿ, ಜಗಳೂರು ಕಡೆಗೆ ದಿನಾ ಗಾಡಿ ಹೋಗುತ್ತದೆ. ಮೂರು ವರ್ಷದಲ್ಲಿ ಎರಡು ಥರದ ಸ್ಟಾಕ್ ವ್ಯವಸ್ಥೆ ಬಳಸಿದ್ದೇನೆ. ಒಂದನ್ನು ಬಿಟ್ಟೆ, ಒಂದು ಉಳಿಯಿತು.

ಬಿಟ್ಟಿದ್ದು ತಿಂಗಳ ಬಾಡಿಗೆಯ ಕ್ಲೌಡ್ ಸಾಫ್ಟ್‌ವೇರ್, ಅಂದರೆ ನೆಟ್ ಇದ್ದರಷ್ಟೇ ನಡೆಯುವಂಥದ್ದು. ಹೆಸರು ಬೇಡ. ಡೆಮೋದಲ್ಲಿ ತುಂಬಾ ಚೆನ್ನಾಗಿತ್ತು. ಆದರೆ ಡೆಮೋ ತೋರಿಸುವವರ ಗೋಡೌನ್‌ನಲ್ಲಿ ಒಂದು ಸೋಪಿಗೆ ಒಂದೇ ರೇಟು. ನಮ್ಮಲ್ಲಿ ಹಾಗಿಲ್ಲ. ಕಂಪನಿ ಎಂಆರ್‌ಪಿ ಏರಿಸಿದಾಗ 38ರ ಹಳೇ ಮಾಲೂ 40ರ ಹೊಸ ಮಾಲೂ ಒಂದೇ ರ‍್ಯಾಕಿನಲ್ಲಿ ಕೂತಿರುತ್ತವೆ. ಎರಡಕ್ಕೂ 890ರಿಂದ ಶುರುವಾಗುವ ಅದೇ 13 ಅಂಕಿಯ ಬಾರ್‌ಕೋಡ್. ಆ ಕೋಡಿನಲ್ಲಿ ಕಂಪನಿ ಯಾವುದು, ಐಟಂ ಯಾವುದು ಅನ್ನೋದು ಮಾತ್ರ ಇರುತ್ತದೆ. ಎಂಆರ್‌ಪಿ, ಬ್ಯಾಚ್ (ಒಟ್ಟಿಗೆ ತಯಾರಾದ ಮಾಲಿನ ಗುರುತು), ಎಕ್ಸ್‌ಪೈರಿ ಯಾವುದೂ ಇಲ್ಲ. ಸ್ಕ್ಯಾನರ್ ತಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ ನಾನು.

ಹುಡುಗ ಸ್ಕ್ಯಾನ್ ಮಾಡಿದ, 40ರ ರೇಟಿಗೆ ಬಿಲ್ಲಾಯಿತು, 38ರ ಕೇಸು ಗಾಡಿ ಹತ್ತಿತು. ಮಧ್ಯಾಹ್ನ ಹೊನ್ನಾಳಿಯಿಂದ ಫೋನು. "ಏನ್ರೀ, ಪ್ಯಾಕಿನ ಮೇಲೆ 38 ಐತಿ, ನೀವು 40ರ ರೇಟು ಹಾಕೀರಲ್ಲ?" ಇಂಥ ಫೋನು ವಾರಕ್ಕೆ ಮೂರು ಬರತೊಡಗಿದವು. ಬ್ಯಾಚ್ ಬೇರೆ ಬೇರೆ ಇಡಬೇಕಾದರೆ ದೊಡ್ಡ ಪ್ಲಾನ್ ತಗೋಬೇಕು ಅಂದರು. ಒಬ್ಬೊಬ್ಬ ಹುಡುಗನ ಲಾಗಿನ್‌ಗೂ ಬೇರೆ ದುಡ್ಡು. ಬೆಳಿಗ್ಗೆ ಏಳಕ್ಕೆ ಲೋಡಿಂಗ್ ಹೊತ್ತಲ್ಲೇ ತಗಡಿನ ಗೋಡೌನ್‌ನಲ್ಲಿ ನೆಟ್ ಇರೋದಿಲ್ಲ. ಎಂಟು ತಿಂಗಳಿಗೆ ಸಾಕಾಯಿತು.

ಉಳಿದಿದ್ದು ಟ್ಯಾಲಿಪ್ರೈಮ್. ಲೆಕ್ಕಕ್ಕೆ ಅಂತ ಮೊದಲೇ ಆಫೀಸಿನಲ್ಲಿತ್ತು. ಅದರ ಸ್ಟಾಕ್ ಕಡೆಯನ್ನು ನಾವು ಮುಟ್ಟಿಯೇ ಇರಲಿಲ್ಲ, ನಮ್ಮದೇ ತಪ್ಪು. ಅದರಲ್ಲಿ ಗೋಡೌನ್ ಮಾಡಬಹುದು, ಗೋಡೌನಿನ ಕೆಳಗೆ ಇನ್ನೊಂದು ಗೋಡೌನ್ ಕೂಡ ಮಾಡಬಹುದು. ಹಾಗಾಗಿ ಒಂದೊಂದು ರ‍್ಯಾಕ್ ಸಾಲನ್ನೂ ಒಳಗೋಡೌನ್ ಅಂತ ಮಾಡಿಕೊಂಡೆವು. ಎಂಆರ್‌ಪಿ ತಲೆನೋವಿಗೆ ಮದ್ದು ಇನ್ನೂ ಸುಲಭ. ಬ್ಯಾಚ್ ನಂಬರ್ ಜಾಗದಲ್ಲಿ ಎಂಆರ್‌ಪಿಯನ್ನೇ ಹಾಕುತ್ತೇವೆ. ಬಿಲ್ ಮಾಡುವಾಗ ಕಂಪ್ಯೂಟರ್ ಯಾವ ಬ್ಯಾಚ್ ಅಂತ ಕೇಳುತ್ತದೆ, ಹುಡುಗ ಪ್ಯಾಕಿನ ಮೇಲೆ ಕಣ್ಣು ಹಾಯಿಸಲೇಬೇಕು. ಬಿಸ್ಕತ್ತಿಗೆ ಮಾತ್ರ ನಿಜವಾದ ಬ್ಯಾಚು, ಎಕ್ಸ್‌ಪೈರಿ ತಾರೀಖು ಎರಡೂ.

ಅಳತೆಯ ವಿಷಯ ಮೊದಲ ದಿನವೇ ಕೂತು ಮುಗಿಸಿ. ಅಂಗಡಿಯವರು ಶಾಂಪೂನ ಸರದ ಲೆಕ್ಕದಲ್ಲಿ ಕೇಳುತ್ತಾರೆ, ಕಂಪನಿ ಕೇಸಿನಲ್ಲಿ ಕಳಿಸುತ್ತದೆ, ಸೋಪು ಡಜನ್‌ನಲ್ಲಿ ಹೋಗುತ್ತದೆ. ಒಂದು ಕೇಸಿಗೆ ಎಷ್ಟು ಅಂತ ಐಟಂ ಮಾಡುವಾಗಲೇ ಕೂರಿಸದಿದ್ದರೆ ಒಬ್ಬ 2 ಅಂತ ಹೊಡೆದಿದ್ದು ಎರಡು ಕೇಸೋ ಎರಡು ಪೀಸೋ ದೇವರಿಗೇ ಗೊತ್ತು. ಈ 900 ಐಟಂ ತಿದ್ದಲು ನಮಗೆ ಹನ್ನೊಂದು ದಿನ ಹಿಡಿಯಿತು. ಸಾಫ್ಟ್‌ವೇರ್ ಮಾರುವವರು ಈ ಹನ್ನೊಂದು ದಿನದ ಮಾತೇ ಎತ್ತುವುದಿಲ್ಲ.

ರ‍್ಯಾಕಿನ ಚೀಟಿಗಳದ್ದು ಬೇರೆ ಕಥೆ. ಬಿಲ್ ಮೆಷಿನ್‌ನಲ್ಲಿ ಬರುತ್ತಲ್ಲ, ಅಂಥ ಥರ್ಮಲ್ ಕಾಗದದಲ್ಲಿ ಚೀಟಿ ತೆಗೆದು ಅಂಟಿಸಿದ್ದೆವು. ಏಪ್ರಿಲ್ ಬಿಸಿಲಿಗೆ ತಗಡು ಕಾದು ಅರ್ಧ ಚೀಟಿ ಕಪ್ಪಾದವು, ಅರ್ಧ ಮಸುಕಾದವು. ಸ್ಕ್ಯಾನರ್ ಸುಮ್ನೆ ಕೆಂಪು ಗೆರೆ ಬಿಡುತ್ತಿತ್ತು ಅಷ್ಟೆ. ರಿಬ್ಬನ್ ಹಾಕುವ ಲೇಬಲ್ ಪ್ರಿಂಟರ್ ತಂದೆವು. ಆ ಚೀಟಿಗಳು ಎರಡು ಬೇಸಿಗೆ ದಾಟಿವೆ. ಸ್ಕ್ಯಾನರ್‌ಗೆ ಮಾತ್ರ ಜಾಸ್ತಿ ದುಡ್ಡು ಸುರಿಯಬೇಡಿ. 2,800 ರೂಪಾಯಿಯ ವೈರ್ ಇರುವುದೇ ಈಗಲೂ ನಡೆಯುತ್ತಿದೆ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತಲ್ಲ, ನಿಜವಾದ ಪರೀಕ್ಷೆ ಆವಾಗಲೇ. ಮೈಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಶೇ. 18ರಿಂದ 5ಕ್ಕೆ ಬಂದವು. ಬಟ್ಟೆ ಒಗೆಯುವ ಪುಡಿ 18ರಲ್ಲೇ ಉಳಿಯಿತು. ಹಿಂದಿನ ಭಾನುವಾರ ಎಲ್ಲರೂ ಕೂತು ಒಂದೊಂದು ರ‍್ಯಾಕ್ ಎಣಿಸಿದೆವು. ಮಿರ್ಚಿ-ಮಂಡಕ್ಕಿ ಎರಡು ಸಲ ತರಿಸಿದ್ದಾಯಿತು. ಎಂಆರ್‌ಪಿ ಬೇರೆ ಬೇರೆ ಇಟ್ಟಿದ್ದರಿಂದ ಹಳೇ ಬೆಲೆ ಅಚ್ಚಾದ ಮಾಲು ಎಷ್ಟಿದೆ ಅಂತ ಕಂಪನಿಗೆ ಅಂದು ರಾತ್ರಿಯೇ ಲೆಕ್ಕ ಕಳಿಸಿದೆವು. ಹಳೇ ವ್ಯವಸ್ಥೆ ಇದ್ದಿದ್ದರೆ ಇನ್ನೂ ಎಣಿಸುತ್ತಲೇ ಇರುತ್ತಿದ್ದೆವೇನೋ.

ಇಷ್ಟಾದರೂ ಗೋಡೌನ್ ನೋಡಿಕೊಳ್ಳುವ ಅಜ್ಜ ಬಿಸ್ಕತ್ತು ಕೇಸಿನ ಮೇಲೆ ಸೀಮೆಸುಣ್ಣದಲ್ಲಿ ಎಕ್ಸ್‌ಪೈರಿ ತಿಂಗಳು ಬರೆಯುವುದನ್ನು ಬಿಟ್ಟಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಸಾವ್ಕಾರ್ರೇ, ಕಂಪ್ಯೂಟರ್ ಆಫೀಸಲ್ಲೈತೆ, ಕೇಸು ಇಳಿಸೋನು ನಾನು" ಅಂದ. ಮೊದಲು ಕೆಡುವುದು ಮೊದಲು ಹೋಗಬೇಕು ಅಂದರೆ ಆ ದೊಡ್ಡ ಅಕ್ಷರವೇ ಬೇಕು. ಸೀಮೆಸುಣ್ಣದ ಡಬ್ಬಿಯೂ ಈಗ ಖರ್ಚಿನ ಪಟ್ಟಿಯಲ್ಲಿದೆ.

ನಿಮ್ಮದು ಒಂದೇ ಗೋಡೌನ್, ನೂರಿನ್ನೂರು ಐಟಂ ಆದರೆ ಇದೆಲ್ಲ ಬೇಡ, ಎಕ್ಸೆಲ್ ಸಾಕು. ಐದಾರು ಊರಲ್ಲಿ ಗೋಡೌನ್ ಇದ್ದು ಆನ್‌ಲೈನ್ ಆರ್ಡರ್ ಬರುವವರಿಗೆ ಕ್ಲೌಡೇ ಸರಿ ಇರಬಹುದು. ಯಾವುದೇ ಆಗಲಿ, ಡೆಮೋಗೆ ಅವರ ಮಾಲಿನ ಪಟ್ಟಿ ಒಪ್ಪಬೇಡಿ. ನಿಮ್ಮ ಅತಿ ಕೆಟ್ಟ ಬಿಲ್ ಕೈಗೆ ಕೊಡಿ. ಎರಡು ಎಂಆರ್‌ಪಿ, ಹತ್ತಕ್ಕೊಂದು ಫ್ರೀ ಸ್ಕೀಮು, ಅರ್ಧ ಕೇಸು, ಜೊತೆಗೊಂದು ವಾಪಸ್ ಬಂದ ಮಾಲು. ನಿಮ್ಮ ಎದುರೇ ಹೊಡೆಯಲಿ.

ವಾಪಸ್ ಮಾಲಿನದು ಮಾತ್ರ ನನಗೂ ಪೂರ್ತಿ ಬಗೆಹರಿದಿಲ್ಲ. ಟ್ಯಾಲಿಯಲ್ಲಿ 'ಡ್ಯಾಮೇಜ್' ಅಂತ ಮೂರನೇ ಗೋಡೌನ್ ಮಾಡಿದ್ದೇನೆ, ಅಸಲಿಗೆ ಅದು ಮೆಟ್ಟಿಲ ಕೆಳಗಿನ ಮೂಲೆ. ಗಾಡಿ ಜೊತೆ ಅಂಗಡಿಗಳಿಗೆ ಹೋಗುವ ಲೈನ್ ಹುಡುಗರು ಒಡೆದ ಪ್ಯಾಕುಗಳನ್ನು ಚೀಟಿ ಇಲ್ಲದೆ ಚೀಲದಲ್ಲಿ ತಂದು ಅಲ್ಲಿ ಸುರಿದು ಹೋಗುತ್ತಾರೆ. ಶನಿವಾರ ಸಂಜೆ ನಾನೇ ಕೂತು ಯಾವುದು ಯಾರ ಅಂಗಡಿಯದ್ದು ಅಂತ ಫೋನ್ ಮಾಡುತ್ತಿರುತ್ತೇನೆ.