ಡಾಂಬರಿಗೂ ಗರಸಿಗೂ ಒಂದೇ ಟೈರು: 40 ಮಿ.ಮೀ. ಅಗಲದ ಶ್ವಾಲ್ಬೆ ಮ್ಯಾರಥಾನ್

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಾಮಾನು ಹೇರಿಕೊಂಡು ಸೈಕಲ್ ಪ್ರವಾಸ ಮಾಡುವವರಿಗೆ ದಿನವಿಡೀ ಒಂದೇ ತರಹದ ರಸ್ತೆ ಸಿಗುವುದಿಲ್ಲ. ವಿಜಯಪುರದಿಂದ ಕೊಲ್ಹಾರದ ಕೃಷ್ಣಾ ಸೇತುವೆಯವರೆಗೆ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಯಾವ ಟೈರಾದರೂ ನಡೆಯುತ್ತದೆ. ಆದರೆ ಹೊಳೆ ದಾಟಿ, ಹೆದ್ದಾರಿ ಬಿಟ್ಟು, ಒಳಗಿನ ಊರುಗಳನ್ನು ಹಿಡಿದು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳತ್ತ ಹೊರಟವರಿಗೆ ಕಿತ್ತುಹೋದ ಡಾಂಬರು, ಹೊಸದಾಗಿ ಸುರಿದ ಖಡಿ, ಕಾಲುವೆ ದಂಡೆಯ ಗರಸು, ಹೊಲದ ನಡುವಿನ ಎರಿಮಣ್ಣಿನ ದಾರಿ ಎಲ್ಲವೂ ಒಂದೇ ದಿನ ಎದುರಾಗುತ್ತವೆ. ಇಂಥ ಪ್ರವಾಸಕ್ಕೆ ನಾನು ಬಳಸುತ್ತಿರುವುದು ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಟೈರು, 40 ಮಿ.ಮೀ. ಅಗಲದ್ದು. ಟೈರಿನ ಗುಣದಷ್ಟೇ ಈ ಅಗಲವನ್ನು ಏಕೆ ಆರಿಸಬೇಕೆಂಬುದೂ ಇಲ್ಲಿ ಹೇಳಬೇಕಾದ ವಿಷಯ.

ಅಗಲ ಟೈರನ್ನು ಆರಾಮಕ್ಕಾಗಿ ಕೊಳ್ಳುತ್ತಾರೆ, ವೇಗ ಬೇಕಾದವರು ಸಣ್ಣ ಟೈರು ಹಾಕಿಕೊಳ್ಳಬೇಕು ಎಂಬ ಮಾತು ಬಹಳ ಕೇಳಿಬರುತ್ತದೆ. ನಮ್ಮ ಭಾಗಕ್ಕೆ ಈ ಮಾತು ಹೊಂದುವುದಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರು ಬಂದರೆ ಸೈಕಲ್ ಸವಾರರು ಡಾಂಬರು ಬಿಟ್ಟು ಪಕ್ಕದ ಗರಸಿಗೆ ಇಳಿಯಲೇಬೇಕು. ಡಾಂಬರಿನ ಅಂಚಿಗಿಂತ ನೆಲವು ನಾಲ್ಕು ಬೆರಳು ತಗ್ಗಿರುವ ಕಡೆ 28 ಮಿ.ಮೀ. ಟೈರು ಇಳಿಯುವಾಗ ರಿಮ್ಮಿಗೆ ಪೆಟ್ಟು ಬೀಳುತ್ತದೆ, ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ, ಮರಳಿ ಹತ್ತುವಾಗ ಟೈರು ಅಂಚಿನ ಉದ್ದಕ್ಕೆ ಜಾರಿ ಸವಾರನನ್ನು ಕೆಡವುತ್ತದೆ. ಆದ್ದರಿಂದ ಇಲ್ಲಿ ಟೈರಿನ ಅಗಲವೆಂದರೆ ಮೊದಲಿಗೆ ಸುರಕ್ಷತೆ, ಆರಾಮ ಆಮೇಲಿನದು.

ವೇಗದ ಲೆಕ್ಕವೂ ಅಗಲ ಟೈರಿಗೆ ವಿರುದ್ಧವಾಗಿಲ್ಲ. 28ರ ಬದಲು 40 ಮಿ.ಮೀ. ಹಾಕಿದರೆ ಟೈರಿನೊಳಗೆ ಹೆಚ್ಚುಕಡಿಮೆ ಎರಡು ಪಟ್ಟು ಗಾಳಿ ಹಿಡಿಯುತ್ತದೆ, ಹಾಗಾಗಿ ಕಡಿಮೆ ಒತ್ತಡದಲ್ಲಿಯೇ ಅಷ್ಟೇ ಭಾರವನ್ನು ಹೊರಬಹುದು. ಹಿಂದಿನ ಗಾಲಿಯ ಮೇಲೆ 60 ಕಿಲೋ ಭಾರವಿದ್ದು ಗಾಳಿಯ ಒತ್ತಡ 100 ಪಿಎಸ್‌ಐ (ಚದರ ಇಂಚಿಗೆ ಪೌಂಡಿನ ಲೆಕ್ಕ) ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು ಎಂಟೂವರೆ ಚದರ ಸೆಂಟಿಮೀಟರ್, 60 ಪಿಎಸ್‌ಐ ಇದ್ದರೆ ಸುಮಾರು 14. ನುಣುಪು ಡಾಂಬರಿನ ಮೇಲೆ ಬಿರುಸಾದ ಸಣ್ಣ ಟೈರಿಗೆ ಅಲ್ಪ ಲಾಭವಿರಬಹುದು. ಖಡಿ ಎದ್ದ ರಸ್ತೆಯಲ್ಲಿ ಮಾತ್ರ ಪ್ರತಿ ಕಲ್ಲಿಗೂ ಸೈಕಲ್ಲು, ಸಾಮಾನು, ಸವಾರ ಎಲ್ಲ ಸೇರಿ ಎದ್ದು ಬೀಳುವುದರಲ್ಲಿ ಹಾಳಾಗುವ ಶಕ್ತಿಯೇ ಹೆಚ್ಚು, ಮೆತ್ತಗಿನ ಅಗಲ ಟೈರು ಅದನ್ನು ಉಳಿಸಿಕೊಡುತ್ತದೆ. ಸವಾರ, ಸೈಕಲ್ಲು, ಸಾಮಾನು ಕೂಡಿ 100 ಕಿಲೋದ ಆಸುಪಾಸು ಇದ್ದಾಗ ನಾನು ಹಿಂದೆ 60, ಮುಂದೆ 50 ಪಿಎಸ್‌ಐ ಇಡುತ್ತೇನೆ, ಟೈರಿನ ಪಕ್ಕೆಯ ಮೇಲೆ ಅಚ್ಚಾದ ಕನಿಷ್ಠ ಮತ್ತು ಗರಿಷ್ಠ ಒತ್ತಡವನ್ನು ಎಂದೂ ಮೀರುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ತುಂಬಿದ ಗಾಳಿಯ ಒತ್ತಡ ಮಧ್ಯಾಹ್ನದ ಹೊತ್ತಿಗೆ ನಾಲ್ಕೈದು ಪಿಎಸ್‌ಐ ಏರುವುದು ಸಹಜ, ಗರಿಷ್ಠ ಮಿತಿಗಿಂತ ಕೆಳಗಿದ್ದರೆ ಅದರಿಂದ ಅಪಾಯವಿಲ್ಲ.

ಈಗ ಮುಳ್ಳಿನ ವಿಷಯ. ಕಾಲುವೆ ದಂಡೆಗಳ ಮೇಲೆ ಬಳ್ಳಾರಿ ಜಾಲಿ, ಹೊಲದ ಬದುಗಳಲ್ಲಿ ನೆಗ್ಗಿಲು, ಇವೆರಡೂ ನಮ್ಮ ಸೀಮೆಯಲ್ಲಿ ಟೈರಿನ ನಿಜವಾದ ಪರೀಕ್ಷಕರು. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದಾದರೂ ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ, ಆದರೆ ಅದು ಗಿಡ್ಡ ಮುಳ್ಳು. ಮ್ಯಾರಥಾನ್ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರಿನ ಕೆಳಗೆ 3 ಮಿ.ಮೀ. ದಪ್ಪದ ಸ್ಥಿತಿಸ್ಥಾಪಕ ಪದರವೊಂದಿದ್ದು, ರಬ್ಬರು ಸವೆದು ತೆಳ್ಳಗಾಗುವವರೆಗೂ ನೆಗ್ಗಿಲು ಸಾಮಾನ್ಯವಾಗಿ ಅಲ್ಲಿಯೇ ತಡೆದು ನಿಲ್ಲುತ್ತದೆ. ಬಲಿತ ಜಾಲಿ ಮುಳ್ಳು ಇಂಚಿಗಿಂತ ಉದ್ದವಾಗಿರುವುದರಿಂದ ನೆಟ್ಟಗೆ ಚುಚ್ಚಿದರೆ ಯಾವ ಪದರವೂ ಅದನ್ನು ತಡೆಯಲಾರದು. ಇದೇ ಕಂಪನಿಯ ಮ್ಯಾರಥಾನ್ ಪ್ಲಸ್‌ನಲ್ಲಿ ಈ ಪದರ 5 ಮಿ.ಮೀ. ದಪ್ಪವಿದೆ, ಆದರೆ ಅದೇ ಕಾರಣಕ್ಕೆ ಆ ಟೈರು ತೂಕದ್ದು, ಬಿರುಸಾದದ್ದು, ರಿಮ್ಮಿಗೆ ಹಾಕಿ ತೆಗೆಯುವುದಕ್ಕೆ ಹೆಚ್ಚು ಶ್ರಮ ಬೇಡುವಂಥದ್ದು. ದಿನವೂ ಜಾಲಿ ಬೆಳೆದ ದಂಡೆಯ ಮೇಲೆಯೇ ಓಡಾಡುವವರಿಗೆ ಪ್ಲಸ್ ತಕ್ಕದ್ದು, ಅರ್ಧಕ್ಕಿಂತ ಹೆಚ್ಚು ಡಾಂಬರು ಇರುವ ಪ್ರವಾಸಕ್ಕೆ ಸಾದಾ ಮ್ಯಾರಥಾನೇ ಮೇಲು ಎಂಬುದು ನನ್ನ ನಿಲುವು. ಕತ್ತಲಾದ ಮೇಲೆ ವಾಹನದ ದೀಪಕ್ಕೆ ಹೊಳೆಯುವ ಪಟ್ಟಿ ಎರಡೂ ಪಕ್ಕೆಗಳಲ್ಲಿರುವುದನ್ನೂ ನಾನು ಬಹಳ ಮೆಚ್ಚಿದ್ದೇನೆ.

ಈ ಟೈರಿಗೆ ಒಗ್ಗದ ನೆಲವೆಂದರೆ ಹಸಿ ಎರಿಮಣ್ಣು. ಇದರ ಮೈಮೇಲಿನ ಗೀರುಗಳು ಆಳವಾಗಿಲ್ಲವಾದ್ದರಿಂದ ಗರಸಿನಲ್ಲಿ ಒಳ್ಳೆಯ ಹಿಡಿತ ಕೊಟ್ಟರೂ ಮಳೆ ಬಿದ್ದ ಎರಿ ಹೊಲದ ದಾರಿಯಲ್ಲಿ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಟುವ ಆ ಮಣ್ಣು ಟೈರಿನೊಡನೆ ತಿರುಗಿ ಫೋರ್ಕಿನಲ್ಲಿ, ಬ್ರೇಕಿನಲ್ಲಿ, ಮಡ್‌ಗಾರ್ಡಿನ ಒಳಗೆ ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಕೊಳ್ಳುವ ಮೊದಲು ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಗಳಲ್ಲಿ ಹಾಗೂ ಮೇಲ್ಗಡೆ ಕನಿಷ್ಠ ಐದಾರು ಮಿ.ಮೀ. ಜಾಗ ಉಳಿಯುವುದೇ ಎಂದು ಅಳೆದು ನೋಡಬೇಕು, ಮಡ್‌ಗಾರ್ಡ್ ಇದ್ದರೆ ಇನ್ನೂ ಹೆಚ್ಚು ಬೇಕು. 47 ಮಿ.ಮೀ. ಹಾಕುವಷ್ಟು ಜಾಗವಿರುವ ಫ್ರೇಮು ಉಳ್ಳವರು, ಅದರಲ್ಲಿಯೂ ಹೆಚ್ಚು ಸಾಮಾನು ಹೊರುವವರು, ಅದನ್ನೇ ಆರಿಸಬಹುದು. ಜಾಗ ಸಾಲದೆ ಒತ್ತಿ ತುರುಕಿದ 47ಕ್ಕಿಂತ ಸಲೀಸಾಗಿ ತಿರುಗುವ 40 ಒಳ್ಳೆಯದು. 28ರಿಂದ 40ಕ್ಕೆ ಬಂದಾಗ ಗಾಲಿಯ ಸುತ್ತಳತೆ ನೂರಕ್ಕೆ ಮೂರೂವರೆಯಷ್ಟು ಹೆಚ್ಚುವುದರಿಂದ, ದೂರ ತೋರಿಸುವ ಮೀಟರಿನ ಅಳತೆಯನ್ನೂ ತಿದ್ದಿಕೊಳ್ಳಬೇಕು.

ಅಳತೆಯ ಬಗ್ಗೆ ಎಚ್ಚರ ಅಗತ್ಯ. ಈ ಟೈರಿನ ಮೇಲೆ 40-622 ಎಂದಿರುತ್ತದೆ: ಮೊದಲನೆಯದು ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಅದರ ಜೊತೆಗೆ 28×1.50 ಎಂದೂ ಮುದ್ರಿಸಿರುತ್ತಾರೆ. ನಮ್ಮ ರೈತರು ಹಾಲಿನ ಕ್ಯಾನು, ಮೇವಿನ ಹೊರೆ ಹೇರುವ ಹಳೆಯ ಕರಿ ಸೈಕಲ್ಲಿನ ಟೈರು 28×1½, ಅಂದರೆ 40-635. ಅಗಲ ಒಂದೇ, ವ್ಯಾಸ ಬೇರೆ. ಒಂದೂವರೆ ಎಂಬುದನ್ನು ದಶಮಾಂಶದಲ್ಲಿ ಬರೆದರೆ ಒಂದು ಟೈರು, ಭಿನ್ನರಾಶಿಯಲ್ಲಿ ಬರೆದರೆ ಇನ್ನೊಂದು, ಆದ್ದರಿಂದ ಅಂಗಡಿಯಲ್ಲಿ ಇಂಚಿನ ಲೆಕ್ಕ ಹೇಳದೆ 622 ಎಂಬ ಸಂಖ್ಯೆಯನ್ನೇ ಹೇಳಿ ಕೇಳಬೇಕು.

ಹೊರದೇಶದ ಮಾಲಾದ್ದರಿಂದ ಲುಧಿಯಾನದಲ್ಲಿ ತಯಾರಾಗುವ ಸಾಮಾನ್ಯ ಟೈರಿಗಿಂತ ಇದರ ಬೆಲೆ ಹಲವು ಪಟ್ಟು ಹೆಚ್ಚು. ಊರಿನೊಳಗಷ್ಟೇ ಓಡಾಡುವವರು ಅಷ್ಟು ಖರ್ಚು ಮಾಡಬೇಕಾಗಿಲ್ಲ. ಪ್ರವಾಸಕ್ಕೆ ಕೊಳ್ಳುವವರು ಟ್ಯೂಬನ್ನು ಆರಿಸುವಾಗ ರಿಮ್ಮಿನ ತೂತಿಗೆ ಹೊಂದುವುದಾದರೆ ಮೋಟಾರ್ ಸೈಕಲ್ಲಿನಂಥ ದಪ್ಪ ವಾಲ್ವಿನದನ್ನೇ ಕೊಳ್ಳಲಿ, ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿಯೂ ಅದಕ್ಕೆ ಗಾಳಿ ಹೊಡೆಸಬಹುದು. ರಿಮ್ಮಿನ ತೂತು ಆ ಅಳತೆಯದಾಗಿದ್ದರೆ ಇನ್ನೊಂದು ಅನುಕೂಲವಿದೆ: ಟ್ಯೂಬು ಪೂರ್ತಿ ಕೆಟ್ಟ ದಿನ ಕರಿ ಸೈಕಲ್ಲಿನ 28×1½ ಟ್ಯೂಬನ್ನೇ ಈ ಟೈರಿನೊಳಗೆ ಹಾಕಿಕೊಂಡು ಊರು ಮುಟ್ಟಬಹುದು. ಟೈರನ್ನು ಮಾತ್ರ ಹಾಗೆ ಬದಲಿಸಲಾಗದು. 635ರ ಟೈರು 622ರ ರಿಮ್ಮಿನ ಮೇಲೆ ಸಡಿಲಾಗಿ ಕಳಚಿಬರುತ್ತದೆ, ಆದ್ದರಿಂದ ದೂರದ ಪ್ರವಾಸಕ್ಕೆ ಹೊರಡುವವರು ಮಡಚಿ ಇಡಬಹುದಾದ 622 ಅಳತೆಯ ಹಗುರ ಟೈರೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು.